ಕೂಸಿಗೆ ನೀರು ಹಾಕುವ ಸೊಂಟ

ನನ್ನ ಸೊಂಟನೋವಿಗೆ ಹತ್ತು ವರ್ಷದ ಮೇಲಾಯಿತು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ, ಗುಬ್ಬಿಯಲ್ಲಿ ನಾನು ಪಾಠ ಮಾಡುವ ಶಾಲೆ. ಬಸ್ಸಿನಲ್ಲಿ ನಿಂತು ಹೋಗಿ, ಮಕ್ಕಳ ಮುಂದೆ ನಿಂತು ಪಾಠ ಮಾಡಿ, ನಿಂತೇ ವಾಪಸ್ಸು ಬಂದು ಒಲೆಯ ಮುಂದೆ ನಿಲ್ಲುವುದು, ಇಷ್ಟೇ ನನ್ನ ಬದುಕು. ಯಾರಾದರೂ ‘ಸೊಂಟ ಹೇಗಿದೆ ಮೇಡಂ?’ ಎಂದು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಹೇಗಿರುತ್ತೆ? ಇದ್ದಲ್ಲೇ ಇದೆ, ಇದ್ದ ಹಾಗೇ ಇದೆ. ಕೇಳಿದವರು ಸುಮ್ಮನೆ ಹೋಗುವುದೂ ಇಲ್ಲ, ಒಂದು ಮದ್ದು ಹೇಳಿಯೇ ಹೋಗುತ್ತಾರೆ.

ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ. ಲಕ್ಕಿ ಸೊಪ್ಪು ಕುದಿಸಿದ ನೀರನ್ನು ಚರ್ಮ ಕೆಂಪಾಗುವಷ್ಟು ಬಿಸಿಬಿಸಿ ಸುರಿದುಕೊಂಡಿದ್ದೇನೆ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟುಕೊಂಡಿದ್ದೇನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಚ್ಚಿಕೊಂಡು ಶಾಲೆಗೆ ಹೋದ ದಿನ ಮೂರನೇ ಕ್ಲಾಸಿನ ಮಕ್ಕಳು ಮೂಗು ಮುಚ್ಚಿಕೊಂಡು ಮಗ್ಗಿ ಹೇಳಿದವು. ಶಾಖ ಕೊಟ್ಟಾಗ ಒಂದು ಗಳಿಗೆ ಹಾಯೆನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಗಂಟು ಆರಿದ ಮೇಲೆ ನೋವು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಇಷ್ಟು ವರ್ಷ ಬೈದುಕೊಂಡು, ನರಳಿಕೊಂಡು ಹೇಗೋ ದಿನ ದೂಡಿದ್ದೆ. ಒಬ್ಬಳೇ ಮಗಳು ಬಸುರಿಯಾದಾಗ ಮಾತ್ರ ನನಗೆ ಗಾಬರಿಯಾಯಿತು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಬಾಣಂತನ ತಾಯಿಯದು. ನಮ್ಮ ಕಡೆ ಹಸುಗೂಸಿಗೆ ನೀರು ಹಾಕುವುದೆಂದರೆ ಟಬ್ಬಿನಲ್ಲಿ ಅದ್ದಿ ತೆಗೆಯುವುದಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ನೀಡಿ, ಸೀರೆ ಮೊಣಕಾಲಿನ ಮೇಲಕ್ಕೆ ಕಟ್ಟಿ ಕೂರಬೇಕು. ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಗ್ಗಿ ಬಗ್ಗಿ ಹದವಾದ ಬಿಸಿನೀರು ಹೊಯ್ಯಬೇಕು. ಬೋರಲು ಹಾಕಿ ಬೆನ್ನಿಗೂ ಹೊಯ್ಯಬೇಕು. ದಿನಾ ಮುಕ್ಕಾಲು ಗಂಟೆ, ಮೂರು ತಿಂಗಳು. ನನಗೋ ಕಾಲು ನೀಡಿ ಐದು ನಿಮಿಷ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು.

ನಮ್ಮ ಮನೆಯವರು ನಿವೃತ್ತಿಯಾಗಿ ಮನೆಯಲ್ಲೇ ಇದ್ದರು. ‘ನೀರು ಹಾಕೋಕೆ ಹೆಂಗಸರು ಸಿಗ್ತಾರೆ ಕಣೇ, ಬೆಳಗ್ಗೆ ಬಂದು ಹಾಕಿ ಹೋಗ್ತಾರೆ, ಅದಕ್ಕ್ಯಾಕೆ ಇಷ್ಟು ಯೋಚನೆ?’ ಎಂದರು.

‘ನೀವು ಸುಮ್ನಿರ್ರೀ’ ಎಂದೆ. ನನ್ನ ಮಗಳಿಗೆ ನನ್ನ ತಾಯಿ ಐದು ತಿಂಗಳು ತನ್ನ ಕಾಲ ಮೇಲೆ ನೀರು ಹಾಕಿದ್ದಳು. ನನ್ನ ಮೊಮ್ಮಗುವಿಗೆ ಬಾಡಿಗೆ ಕಾಲೇ? ಛೆ, ಆಗದ ಮಾತು. ಇದು ಬರಿಯ ಹಟವಾಗಿತ್ತೋ ಪ್ರೀತಿಯಾಗಿತ್ತೋ ಗೊತ್ತಿಲ್ಲ, ಎರಡೂ ಇರಬಹುದು. ಆ ಕೂಸಿಗೆ ನಾನೇ ನೀರು ಹಾಕಬೇಕು ಎಂಬುದೊಂದು ಬಿಟ್ಟು ಬೇರೇನೂ ನನಗೆ ಬೇಕಿರಲಿಲ್ಲ.

ಕುಣಿಗಲ್ಲಿನಲ್ಲಿ ಸೀಮಂತವಾದ ದಿನ ಬೀಗಿತ್ತಿ ನನ್ನನ್ನು ಅಡುಗೆಮನೆಯ ಪಕ್ಕಕ್ಕೆ ಕರೆದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ತುಂಬಿದ ಕೊಳಗವನ್ನು ಒಬ್ಬರೇ ಇಳಿಸುವ ಗಟ್ಟಿ ಹೆಂಗಸು. ‘ಬೀಗ್ರೇ, ನಿಮ್ಗೆ ಸೊಂಟ ನೋವು ಅಂತ ಕೇಳಿವ್ನಿ. ಬಾಣಂತನ ನಾನೇ ಮಾಡ್ಲಾ? ನಂಗೇನೂ ಬೇಜಾರಿಲ್ಲ, ನೀವೂ ಬಂದು ಇಲ್ಲೇ ಇರಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

‘ಅಯ್ಯೋ, ಅದು ಹೋಗಿ ವರ್ಷ ಆಯ್ತು, ಈಗೇನೂ ಇಲ್ಲ’ ಎಂದೆ. ಹೇಳಿದ್ದನ್ನು ತೋರಿಸಲು ಅವರ ಕಣ್ಣೆದುರೇ ಬಗ್ಗಿ ನೀರಿನ ಬಿಂದಿಗೆ ಎತ್ತಿದೆ. ವಾಪಸ್ಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬಂದೆ.

ಮಾರನೆಯ ದಿನವೇ ತುಮಕೂರಿನಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವಳು, ಮಾತು ಕಡಿಮೆ. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಮೇಲೆತ್ತುವುದು, ನಾಲ್ಕು ಕಾಲಿನ ಮೇಲೆ ನಿಂತು ಬೆನ್ನು ಬಾಗಿಸಿ ಉಬ್ಬಿಸುವುದು, ಒಂದು ಕೈ ಒಂದು ಕಾಲು ಚಾಚಿ ಹತ್ತು ಎಣಿಸುವುದು. ‘ದಿನಾ ಎರಡು ಹೊತ್ತು ಮಾಡಿ ಆಂಟಿ. ನಿಧಾನಕ್ಕೆ ಸರಿಹೋಗುತ್ತೆ, ಅರ್ಜೆಂಟ್ ಮಾಡ್ಬೇಡಿ’ ಎಂದಳು. ನನಗಿದ್ದದ್ದು ಎರಡೂವರೆ ತಿಂಗಳು, ಅವಳು ಕೇಳಿದ್ದು ಆರು.

ಮಾಡಿದೆ. ಹಾಲಿನವನು ಬರುವ ಮೊದಲು ಎದ್ದು ಚಾಪೆ ಹಾಸುತ್ತಿದ್ದೆ. ಮನೆಯವರು ಪಕ್ಕದಲ್ಲಿ ಕಾಫಿ ಹಿಡಿದು ಕೂತು ಒಂದು ಎರಡು ಎಂದು ಎಣಿಸುತ್ತಿದ್ದರು, ಪೇಪರು ಓದುತ್ತ ಏಳರಿಂದ ಒಂಬತ್ತಕ್ಕೆ ಹಾರಿದರೆ ಬೈಸಿಕೊಳ್ಳುತ್ತಿದ್ದರು. ಹದಿನೈದು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಗೋಡೆ ಹಿಡಿಯದೆ ಹಾಸಿಗೆಯಿಂದ ಎದ್ದೆ. ಎದ್ದದ್ದು ಗೊತ್ತಾಗುವ ಹೊತ್ತಿಗೆ ಬಚ್ಚಲಿನಲ್ಲಿದ್ದೆ. ಅಲ್ಲೇ ನಿಂತು ಅತ್ತೆ.

ಹೆರಿಗೆಗಾಗಿ ಮಗಳು ಬರುವ ಮುಂಚೆ ಅಭ್ಯಾಸವೂ ನಡೆಯಿತು. ಮೂರು ಕೆಜಿ ರಾಗಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಟವೆಲ್ಲಿನಲ್ಲಿ ಸುತ್ತಿ, ಕಾಲ ಮೇಲೆ ಮಲಗಿಸಿಕೊಂಡು ಚೆಂಬಿನಲ್ಲಿ ನೀರು ಹೊಯ್ಯುತ್ತಿದ್ದೆ. ಮನೆಯವರು ಬಾಗಿಲಲ್ಲಿ ನಿಂತು, ‘ನಿನ್ನ ಮೊಮ್ಮಗು ಮೊಳಕೆ ಬಂದೀತು ಕಣೇ’ ಎಂದು ನಕ್ಕರು. ನಾನೂ ನಕ್ಕೆ. ಐದು ನಿಮಿಷ ಹತ್ತಾಯಿತು, ಹತ್ತು ಹದಿನೈದಾಯಿತು. ಅಲ್ಲಿಗೆ ನಿಂತಿತು. ಹದಿನಾರನೆಯ ನಿಮಿಷಕ್ಕೆ ಸೊಂಟದ ಎಡಭಾಗದಲ್ಲಿ ಒಳಗಿನಿಂದ ಯಾರೋ ಹಿಡಿದು ಹಿಂಡುತ್ತಿದ್ದರು. ದಿನ ತುಂಬಲು ಮೂರು ವಾರ ಉಳಿದಿತ್ತು. ‘ಹದಿನೈದು ನಿಮಿಷ ಅಂದ್ರೆ ಎಷ್ಟೊಂದು ಇಂಪ್ರೂವ್ಮೆಂಟು ಆಂಟಿ’ ಎಂದಳು ಫಿಸಿಯೋ ಹುಡುಗಿ. ಅವಳ ಮೇಲೆ ರೇಗಿ ಬಂದೆ, ಪಾಪ.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆ ಮಾತು ಮಾಡಿದ್ದೇ ನನಗೆ. ನಿಟ್ಟೂರಿನ ಹತ್ತಿರ ಕಾಲು ಮುಂದಾಗಿ ಹುಟ್ಟಿದ ಹೆಂಗಸೊಬ್ಬಳಿದ್ದಾಳೆ ಎಂದು ಶಾಲೆಯಲ್ಲಿ ಜೊತೆಯ ಟೀಚರ್ ಹೇಳಿದಳು. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲು ಬಂದವರು ಬೆನ್ನಿಗೆ ತುಳಿದರೆ ಉಳುಕು ಬಿಟ್ಟುಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ನಂಬುವ ಮಾತು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನೂ ನಂಬಿದೆ. ಭಾನುವಾರ ಬೆಳಗ್ಗೆ, ಅಷ್ಟರಲ್ಲಿ ಮನೆಗೆ ಬಂದಿದ್ದ ಮಗಳಿಗೆ ಶಾಲೆಯಲ್ಲಿ ಮೀಟಿಂಗಿದೆ ಎಂದು ಹೇಳಿ ಬಸ್ಸು ಹತ್ತಿದೆ.

ಆ ಹೆಂಗಸು ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ‘ಎಷ್ಟು ದಿನದ್ದು ಮೇಷ್ಟ್ರಮ್ಮ?’ ಎಂದು ಕೇಳಿದಳು. ‘ಹೊಸ ಉಳುಕಾದ್ರೆ ತುಳೀತೀನಿ. ಹಳೇ ನೋವ್ಗೆ ನಾನು ಕಾಲಿಡಾಕಿಲ್ಲ. ನಮ್ಮವ್ವ ಬ್ಯಾಡ ಅಂದವ್ಳೆ. ಹಳೇದಾದ್ರೆ ಡಾಕ್ಟ್ರತ್ರ ಹೋಗಿ.’

‘ಮೊನ್ನೆ ಬಿಂದಿಗೆ ಎತ್ತುವಾಗ ಆದದ್ದು ಕಣಮ್ಮ’ ಎಂದೆ. ನಾಲಿಗೆ ತೊದಲಲೂ ಇಲ್ಲ.

ಹೊಸಿಲ ಬಳಿ ಗೋಣಿಚೀಲದ ಮೇಲೆ ಬೋರಲು ಮಲಗಿದೆ. ಅವಳು ಮನೆದೇವರನ್ನು ನೆನೆದು ಎಡಗಾಲಿನಿಂದ ಮೂರು ಸಲ ತುಳಿದಳು. ಎರಡನೆಯದಕ್ಕೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿಯಿತು. ಕೂಗಲಿಲ್ಲ, ಗೋಣಿಯ ಅಂಚು ಕಚ್ಚಿಕೊಂಡೆ. ‘ಹೋಯ್ತಾ?’ ಎಂದು ಕೇಳಿದಳು. ‘ಹೋಯ್ತು’ ಎಂದೆ. ಅವಳು ಕೊಟ್ಟ ಮಜ್ಜಿಗೆ ಕುಡಿದು ಎಡಗಾಲು ಎಳೆದುಕೊಂಡು ಬಸ್ ಸ್ಟಾಪಿಗೆ ಬಂದೆ. ಅವಳ ತಪ್ಪು ಎಳ್ಳಷ್ಟೂ ಇಲ್ಲ. ಬೇಡ ಎಂದವಳಿಗೆ ಸುಳ್ಳು ಹೇಳಿ ತುಳಿಸಿಕೊಂಡವಳು ನಾನು.

ಎರಡು ತಿಂಗಳು ಎಣಿಸಿ ಎಣಿಸಿ ಗಳಿಸಿದ್ದೆಲ್ಲ ಒಂದೇ ಬೆಳಗಿನಲ್ಲಿ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗಳಿಗೆ ಹೇಳಲಿಲ್ಲ. ಮನೆಯವರಿಗೆ ಮಾತ್ರ ಗೊತ್ತಾಯಿತು, ಅವರು ಬೈಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಲ್ಲಿ ಅದನ್ನು ಕೈಗೆ ಕೊಟ್ಟಾಗ ನೋವೆಲ್ಲ ಮರೆತೆ ಎಂದು ಬರೆಯಬೇಕೆಂದು ಆಸೆ. ಮರೆಯಲಿಲ್ಲ. ಎಡಗಾಲು ಜೋಮು ಹಿಡಿದಿತ್ತು, ಕೂಸಿನ ಮುಖ ನೋಡುತ್ತ ಕುರ್ಚಿ ಎಲ್ಲಿದೆ ಎಂದು ಹುಡುಕಿದೆ.

ಹನ್ನೊಂದನೆಯ ದಿನ ಮೊದಲ ನೀರು. ಬೀಗಿತ್ತಿಯೂ ಕುಣಿಗಲ್ಲಿನಿಂದ ಬಂದಿದ್ದರು. ‘ನಾನ್ ಹಾಕ್ಲಾ ಬೀಗ್ರೇ?’ ಎಂದರು. ‘ನೀವು ನೀರು ತುಂಬಿಕೊಡಿ ಸಾಕು’ ಎಂದೆ. ನೋವಿನ ಮಾತ್ರೆ ಎರಡು ನುಂಗಿ, ಸೊಂಟಕ್ಕೆ ಪಟ್ಟಿ ಬಿಗಿದು, ಮೇಲೆ ಸೀರೆ ಮುಚ್ಚಿ ಮಣೆಯ ಮೇಲೆ ಕೂತು ಕಾಲು ನೀಡಿದೆ. ಮಗಳು ಬಾಗಿಲಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಕೂಸನ್ನು ಕಾಲ ಮೇಲೆ ಮಲಗಿಸಿದರು. ಎಣ್ಣೆ ತಿಕ್ಕಿದೆ. ಆ ಪುಟ್ಟ ಹೊಟ್ಟೆ, ಆ ತೊಡೆ! ಅಂಗೈಗೆ ತಾಗಿದ ಆ ಮೆತ್ತನೆಯದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಾಲ್ಕು ಚೆಂಬು ಹಾಕಿದೆ. ಕೂಸು ಅಳಲಿಲ್ಲ, ಕಣ್ಣು ಅರೆ ಮುಚ್ಚಿತು. ‘ಅಜ್ಜಿ ಕೈ ಒಗ್ತು ನೋಡಿ’ ಎಂದರು ಬೀಗಿತ್ತಿ.

ಬೋರಲು ಹಾಕಲು ಎತ್ತಿ ತಿರುಗಿಸಿದೆ. ಸೊಂಟ ಕಚ್ಚಿಕೊಂಡಿತು. ಎಡಗಾಲು ನನ್ನ ಮಾತು ಕೇಳದೆ ಅದರಷ್ಟಕ್ಕೆ ಮಡಿಸಿಕೊಂಡಿತು. ಎಣ್ಣೆ ಸವರಿದ ಕೂಸು ಎರಡು ಕಾಲಿನ ಸಂದಿಯಿಂದ ಜಾರಿತು. ನಾನು ಹಿಡಿಯಲಿಲ್ಲ. ಹಿಡಿಯಲು ಬಗ್ಗಬೇಕಿತ್ತು, ಬಗ್ಗಲಾಗಲಿಲ್ಲ. ತಲೆ ಕಲ್ಲಿಗೆ ತಾಗುವ ಮುಂಚೆ ಬೀಗಿತ್ತಿ ಚೆಂಬು ಬಿಸಾಕಿ ಎರಡೂ ಕೈಯಲ್ಲಿ ಬಾಚಿಕೊಂಡರು.

ಬೀಗಿತ್ತಿ ಪಕ್ಕದಲ್ಲೇ ಕೂತು, ಕಾಲು ನೀಡಿ, ಉಳಿದ ನೀರು ಹಾಕಿದರು. ನಾನು ಏಳಲಾಗದೆ ಅಲ್ಲೇ ಗೋಡೆಗೊರಗಿ, ಒದ್ದೆ ಸೀರೆಯಲ್ಲಿ, ಮೊದಲಿಂದ ಕೊನೆಯವರೆಗೆ ನೋಡಿದೆ. ಎಷ್ಟು ಸಲೀಸಾಗಿ ಬಗ್ಗುತ್ತಿದ್ದರು! ಅವರ ಮೇಲೆ ಹೊಟ್ಟೆಕಿಚ್ಚಾಯಿತು, ಕೂಸನ್ನು ಉಳಿಸಿದ ಆ ಕೈಗಳ ಮೇಲೆ. ಆಮೇಲೆ ಇಬ್ಬರು ಹಿಡಿದು ನನ್ನನ್ನು ಎಬ್ಬಿಸಿದರು.

‘ಆಗಲ್ಲ ಅಂತ ಹೇಳ್ಬೋದಿತ್ತಲ್ಲಮ್ಮ’ ಎಂದಳು ಮಗಳು. ಅಷ್ಟೇ. ದನಿ ಏರಿಸಿರಲಿಲ್ಲ. ಆದರೆ ಆವತ್ತಿನಿಂದ ನಾನು ತೊಟ್ಟಿಲ ಹತ್ತಿರ ಹೋದರೆ ಅವಳ ಕೈ ತಾನಾಗಿ ತೊಟ್ಟಿಲ ಅಂಚಿಗೆ ಬರುತ್ತಿತ್ತು. ಅದಾದ ಐದನೆಯ ದಿನ ತಾಯಿ ಮಗು ಇಬ್ಬರೂ ಬೀಗಿತ್ತಿಯ ಜೊತೆ ಕುಣಿಗಲ್ಲಿಗೆ ಹೋದರು. ‘ನೀವು ಮೊದ್ಲು ಮೈ ನೋಡ್ಕೊಳಿ ಬೀಗ್ರೇ’ ಎಂದು ಅವರು ನನ್ನ ಕೈ ಹಿಡಿದುಕೊಂಡರು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ.

ಅದಾಗಿ ಎರಡು ವರ್ಷದ ಮೇಲಾಯಿತು. ಈಗಲೂ ಬೆಳಗ್ಗೆ ಚಾಪೆ ಹಾಸುತ್ತೇನೆ. ಮಾಡಿದ ದಿನ ಶಾಲೆಗೆ ಹೋಗಿ ಬರುವಷ್ಟು ಸೊಂಟ ನಡೆಯುತ್ತದೆ, ಬಿಟ್ಟ ದಿನ ಅದೂ ಇಲ್ಲ. ಸರಿಹೋಗುತ್ತದೆ ಎಂಬ ಆಸೆ ಹೋಯಿತು. ಫಿಸಿಯೋ ಹುಡುಗಿಗೆ ಕ್ಷಮೆ ಕೇಳಿದ್ದೇನೆ. ‘ಪೂರ್ತಿ ಹೋಗಲ್ಲ ಆಂಟಿ, ಇದ್ದಷ್ಟರಲ್ಲೇ ಇಟ್ಕೋಬೇಕು’ ಎಂದಳು. ಮೊಮ್ಮಗಳು ಬಂದಾಗ ಮೊದಮೊದಲು ಎರಡೂ ಕೈ ಮೇಲೆತ್ತಿ ‘ಅಜ್ಜಿ, ಎತ್ಕೋ’ ಎನ್ನುತ್ತಿತ್ತು. ‘ಇಲ್ಲಿ ಪಕ್ಕದಲ್ಲಿ ಕೂತ್ಕೋ ಬಂಗಾರ’ ಎನ್ನುತ್ತಿದ್ದೆ. ಈಗ ಕೇಳುವುದಿಲ್ಲ, ಸೀದಾ ತಾತನ ಹತ್ತಿರ ಹೋಗುತ್ತದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮಗಳ ಫೋನು ಬಂತು. ‘ಅಮ್ಮಾ, ಮತ್ತೆ ನಿಂತಿದೆ ಕಣಮ್ಮ. ಡಾಕ್ಟ್ರು ಎಲ್ಲಾ ಚೆನ್ನಾಗಿದೆ ಅಂದ್ರು. ಬಾಣಂತನ ಇಲ್ಲೇ ಕುಣಿಗಲ್ಲಲ್ಲೇ ಮಾಡ್ಕೋತೀನಿ, ಅತ್ತೇನೂ ಹೂಂ ಅಂದ್ರು. ನೀನು ಬೇಜಾರು ಮಾಡ್ಕೋಬೇಡ.’

‘ಸರಿ ಕಣವ್ವ, ಅಲ್ಲೇ ಇರು. ನನ್ನ ಕೈಲಿ ಎಲ್ಲಿ ಆಗುತ್ತೆ’ ಎಂದು ಫೋನು ಇಟ್ಟೆ. ಸಂಕಟವಾಗಬೇಕಿತ್ತು. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗೆ ನೆಮ್ಮದಿಯಾಯಿತು. ಸದ್ಯ, ಕಾಲು ನೀಡಿ ಕೂರುವುದು ತಪ್ಪಿತು. ಆ ನೆಮ್ಮದಿಯಲ್ಲೇ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಲೋಟ ತೊಳೆಯುವಾಗ ಹೊಳೆಯಿತು. ಮಗಳು ಬಸುರಿ ಎಂದು ಹೇಳಿದಳು, ನಾನು ಒಂದು ಸಂತೋಷದ ಮಾತೂ ಆಡಲಿಲ್ಲ. ಹುಷಾರಾ ಎನ್ನಲಿಲ್ಲ, ವಾಂತಿಯಿದೆಯಾ ಎಂದು ಕೇಳಲಿಲ್ಲ, ಏನು ತಿನ್ನಬೇಕೆನಿಸುತ್ತದೆ ಎಂದೂ ಕೇಳಲಿಲ್ಲ.

ಒದ್ದೆ ಕೈಯಲ್ಲೇ ಫೋನು ಮಾಡಿದೆ. ಅವಳು ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

‘ಯಾಕಮ್ಮ, ಸೊಂಟ ಜಾಸ್ತಿ ಆಯ್ತಾ?’