ನಬೀಸಾಬ ಮಾಸ್ತರರ ಪೀಪಾಣಿ ಗಿಡ

ನಬೀಸಾಬ ಮಾಸ್ತರರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಖಾನಾಪುರದ ಸ್ಟೇಶನ್ ರೋಡಿನಲ್ಲಿ ಅವರದೊಂದು ಬ್ಯಾಂಡ್ ಇತ್ತು. ಲಗ್ನದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತ ಕ್ಲಾರಿನೆಟ್ ಊದುವವನಿಗೆ ನಮ್ಮ ಕಡೆ ಮಾಸ್ತರ ಎನ್ನುವುದು ರೂಢಿ. ಆ ಪದವಿಗೆ ಪರೀಕ್ಷೆ ಇಲ್ಲ, ಗಟ್ಟಿ ಎದೆ ಇದ್ದರೆ ಸಾಕು.

ನನ್ನದು ಬೆಳಗಾವಿಯಲ್ಲಿ ಮಣ್ಣಿನ ಸಾಮಾನಿನ ಅಂಗಡಿ: ಹಂಚು, ಹರವಿ, ಹೂವಿನ ಗಿಡದ ಮಡಿಕೆ. ಖಾನಾಪುರದ ಮಣ್ಣು ಒಳ್ಳೆಯದು; ಅಲ್ಲಿಯ ಕುಂಬಾರರು ಅದಕ್ಕಿಂತ ಒಳ್ಳೆಯವರು, ಚೌಕಾಸಿ ಮಾಡುವಾಗ ಅವರಿಗೇ ನಾಚಿಕೆಯಾಗುತ್ತದೆ. ಹೀಗಾಗಿ ವಾರಕ್ಕೊಮ್ಮೆ ಲಾರಿ ತೆಗೆದುಕೊಂಡು ಹೋಗುತ್ತಿದ್ದೆ. ಎಪ್ಪತ್ತೇಳರಲ್ಲಿ ಒಂದು ದಿನ ಮಾಸ್ತರರು ನಡುರಸ್ತೆಯಲ್ಲಿ ನನ್ನ ಲಾರಿಗೆ ಅಡ್ಡ ನಿಂತು, ಬಜಾರದ ಜನವೆಲ್ಲ ಕೇಳುವಂತೆ ಕೂಗಿದರು:

"ಸಾವಕಾರ್ರ, ನನಗೊಂದು ದೊಡ್ಡ ಕುಂಡಿ ಬೇಕಾಗೇತ್ರಿ!"

ಮರಾಠಿಯಲ್ಲಿ ಕುಂಡಿ ಎಂದರೆ ಗಿಡ ನೆಡುವ ಮಡಿಕೆ. ಕನ್ನಡದಲ್ಲಿ ಆ ಶಬ್ದ, ಮನುಷ್ಯ ಯಾವುದರ ಮೇಲೆ ಕೂಡುತ್ತಾನೋ ಅದಕ್ಕೆ ಮೀಸಲು. ಮನೆಯಲ್ಲಿ ದಖನಿ, ಗಿರಾಕಿಗಳೊಡನೆ ಮರಾಠಿ, ನನ್ನೊಡನೆ ಕನ್ನಡ ಆಡುವ ಮಾಸ್ತರರ ಬಾಯಲ್ಲಿ ಮೂರೂ ಒಂದೇ ಚೀಲದಲ್ಲಿದ್ದವು.

"ಯಾಕ ಮಾಸ್ತರ, ದೇವರು ಕೊಟ್ಟದ್ದು ಸಾಲಲಿಲ್ಲೇನು?" ಎಂದೆ.

ಅವರ ಬ್ಯಾಂಡಿನಲ್ಲಿ ದೊಡ್ಡ ಹಿತ್ತಾಳೆ ಬಾಜಾ ಊದುವ ಬೀರಣ್ಣ ರಸ್ತೆಯ ಮೇಲೇ ಕುಳಿತು ನಕ್ಕ. ಮಾಸ್ತರರು ಸ್ವಲ್ಪವೂ ಕುಗ್ಗಲಿಲ್ಲ. "ನನಗ ಕೊಟ್ಟದ್ದು ನನಗ ಸಾಕ್ರಿ. ನನ್ನ ಗಿಡಕ್ಕ ಸಾಲೂದಿಲ್ಲ, ಬರ್ರಿ, ನೋಡ್ರಿ," ಎಂದು ಕೈ ಹಿಡಿದು ಎಳೆದುಕೊಂಡು ಹೋದರು.

ಬ್ಯಾಂಡಿನ ಖೋಲಿಯ ಬಾಗಿಲ ಬಾಜು, ಒಡೆದ ಡಬ್ಬಿಯೊಂದರಲ್ಲಿ ಆ ಗಿಡ ನಿಂತಿತ್ತು. ಎಲೆ ನೋಡಿದರೆ ನಮ್ಮ ತಿಪ್ಪೆಯ ಮೇಲೆ ಬೆಳೆಯುವ, ಶಿವನಿಗೆ ಏರಿಸುವ ಮದಗುಣಕಿಯ, ಅಂದರೆ ದತ್ತೂರಿಯ, ಬಳಗ. ಆದರೆ ಮದಗುಣಕಿಯ ಹೂ ಮುಗಿಲು ನೋಡುತ್ತದೆ. ಇದರ ಹೂ ಮೊಳದುದ್ದ, ಬಾಯಿ ಕೆಳಗೆ ಮಾಡಿ, ಗೂಟಕ್ಕೆ ನೇತುಹಾಕಿದ ಪೀಪಾಣಿಯಂತೆ, ಊದುವ ತುತ್ತೂರಿಯಂತೆ, ಜೋತುಬಿದ್ದಿತ್ತು. ಒಂದೇ ಒಂದು ಹೂ. ಅದರ ಸುತ್ತ ಮಾಸ್ತರರು ಕೂಸು ಹುಟ್ಟಿದ ಮನೆಯವರಂತೆ ಓಡಾಡುತ್ತಿದ್ದರು.

ಗಿಡ ಬಂದ ಕಥೆಯನ್ನು ಬೀರಣ್ಣನ ಬಾಯಲ್ಲೇ ಕೇಳಬೇಕು.

"ಬೆಳಗಾವಿ ಸದಾಶಿವನಗರದಾಗ ಒಂದು ಬಂಗ್ಲೇದಾಗ ಲಗ್ನರಿ. ವರ ಬರೂದು ತಡ ಆತು. ನಮ್ಮನ್ನ ಕಂಪೌಂಡಿನ ಮೂಲ್ಯಾಗ ಒಂದು ಗಿಡದ ಬುಡಕ್ಕ ಕುಂದರಿಸಿದ್ರು. ಹೊತ್ತು ಮುಳುಗೂತನಕ ಏನೂ ಇಲ್ಲ. ಮುಳುಗಿದ ಮ್ಯಾಲ ಗಿಡಾ ವಾಸನಿ ಬಿಡಾಕ ಹತ್ತಿತು ನೋಡ್ರಿ! ಮಾಸ್ತರ ಮ್ಯಾಲ ನೋಡಿದ್ರು, ಹೂ ಎಲ್ಲಾ ನಮ್ಮ ಬಾಜಾ ಇದ್ದಂಗ ಅದಾವ. ಮಾಲೀನ್ನ ಕೇಳಿ ಎರಡು ಕಡ್ಡಿ ಇಸಗೊಂಡ್ರು. ಇಡಾಕ ಜಾಗಾ ಎಲ್ಲೈತಿ? ಹಸೀ ಅರಿವಿ ಸುತ್ತಿ ನನ್ನ ಬಾಜಾದ ಬಾಯಾಗ ತುರುಕಿದ್ರು."

"ಆಮ್ಯಾಲ?"

"ಆಮ್ಯಾಲೇನ್ರಿ, ಮೆರವಣಿಗಿ ಮುಗಿಯೂತನಕ ನಾ ಗಲ್ಲ ಊದಿದೆ, ಬಾಜಾ ಊದಲಿಲ್ಲ. ಬೀಗರು ಬಂದು ನನಗ ಶಾಬಾಶ್ ಅಂದ್ರು."

ನಾನು ನನ್ನಲ್ಲಿದ್ದ ಅತಿ ದೊಡ್ಡ ಮಡಿಕೆ ಮಾರಿದೆ. ಗಿಡವೂ ಗಟ್ಟಿಯಾಯಿತು. ಅಷ್ಟರಲ್ಲಿ ಧನುರ್ಮಾಸ ಬಂತು. ಆ ತಿಂಗಳು ಲಗ್ನಗಳಿಲ್ಲ, ಬ್ಯಾಂಡಿನವರಿಗೆ ಕೈತುಂಬ ಬಿಡುವು. ಬಿಡುವಿನ ಮನುಷ್ಯನ ಕೈಗೆ ಕತ್ತರಿ ಸಿಗಬಾರದು. ಯಾರೋ ಮಲ್ಲಿಗೆ ಬಳ್ಳಿಯ ಲೆಕ್ಕ ಹೇಳಿದರು: ಕೊಯ್ದಷ್ಟೂ ಹೂ. ಮಾಸ್ತರರು ಗಿಡವನ್ನು ಮೊಣಕಾಲಿನ ಮಟ್ಟಕ್ಕೆ ಕೊಯ್ದು ನಿಲ್ಲಿಸಿದರು. ಕೊಯ್ಯಲು ಸಹಾಯ ಮಾಡಿದ ಬೀರಣ್ಣ ಅದೇ ಕೈಯಿಂದ ಒಂದು ಕಣ್ಣು ಉಜ್ಜಿಕೊಂಡ. ಆ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಅಗಲವಾಗಿ, ಮರುದಿನವೂ ಅವನಿಗೆ ಎಲ್ಲ ಮಸುಕು. ಗಿಡ ವಿಷದ್ದು, ಆಡು ಸಹ ಮೂಸಿ ಮುಂದೆ ಹೋಗುತ್ತದೆ. ಅಂದಿನಿಂದ ಅದನ್ನು ಮುಟ್ಟಿದವರು ಸಾಬಾಣ ಹಚ್ಚಿ ಕೈ ತೊಳೆಯಬೇಕೆಂದು ಖೋಲಿಯಲ್ಲಿ ಕಾಯಿದೆಯಾಯಿತು.

ಮರುವರ್ಷ ಗಿಡ ಬೆಳೆಯಿತು, ಬೆಳೆದೇ ಬೆಳೆಯಿತು. ನೆಟ್ಟಗೆ ಹಂಚಿನವರೆಗೆ ಹೋಗಿ, ಅಲ್ಲಿ ಕವಲೊಡೆದು, ದೀಪಾವಳಿಯ ಹೊತ್ತಿಗೆ ಮೂರೋ ನಾಲ್ಕೋ ಹೂ ಬಿಟ್ಟಿತು. ಅದೂ ಮಾಡಿನ ಮೇಲೆ, ಬೆಕ್ಕಿಗೆ ಮಾತ್ರ ಕಾಣುವಂತೆ. ಇನ್ನೂ ದೊಡ್ಡ ಮಡಿಕೆ ಬೇಕಾದೀತು ಎಂದು ನಾನು ಸಲಹೆ ಕೊಟ್ಟೆ. ನಾನು ಕೊಡುವ ಸಲಹೆಗಳು ಯಾವಾಗಲೂ ಮಡಿಕೆಯಲ್ಲೇ ಮುಗಿಯುತ್ತವೆ.

ಆ ಒಗಟು ಬಿಡಿಸಿದ್ದು ಮಡಿಕೆಯಲ್ಲ, ಢೋಲು. ಅಷ್ಟರಲ್ಲಿ ಕೊಯ್ದ ಕಡ್ಡಿಯಿಂದ ಇನ್ನೊಂದು ಗಿಡವಾಗಿತ್ತು. ಖಾನಾಪುರದ ಥಂಡಿಗೆ ಎಲೆ ಹಳದಿಯಾಗುತ್ತವೆಂದು ಆ ಧನುರ್ಮಾಸದಲ್ಲಿ ಎರಡನ್ನೂ ಖೋಲಿಯೊಳಗೆ ಎಳೆದುಕೊಂಡಿದ್ದರು. ಒಂದನ್ನು ಮತ್ತೆ ಮೊಣಕಾಲಿಗೆ ಕೊಯ್ದರು. ಇನ್ನೊಂದು ದೊಡ್ಡ ಢೋಲಿನ ಹಿಂದೆ ಸಿಕ್ಕಿಕೊಂಡಿತ್ತು. ಕೈ ಹೋದಷ್ಟು, ಅಂದರೆ ಕವಲಿನ ಮೇಲಿನ ತುದಿಗಳನ್ನಷ್ಟೇ ಕೊಯ್ದು ಬಿಟ್ಟರು. ಮಳೆಗಾಲದಲ್ಲಿ ಮೊದಲನೆಯದು ಬರೀ ಎಲೆ. ಎರಡನೆಯದು ಎದೆಮಟ್ಟದಲ್ಲೇ ಹೂ ಬಿಟ್ಟಿತು, ಅದೂ ಗೊಂಚಲು ಗೊಂಚಲು.

ಮಾಸ್ತರರಿಗೆ ಹೊಳೆದದ್ದು ಅವರ ಕಸುಬಿನ ಭಾಷೆಯಲ್ಲಿ. "ಕವಲಿನ ಕೆಳಗಿರೂದು ನಳಗಿ, ಕವಲಿನ ಮ್ಯಾಲಿರೂದು ಬಾಯಿ. ಹೂ ಬರೂದು ಬಾಯಿಂದನ. ನಾ ಏನು ಮಾಡಿದೆ? ಬಾಯಿ ಕೊಯ್ದು, ನಳಗಿ ಮುಂದ ನಿಂತು, ಊದು, ಊದು ಅಂದೆ!"

ಇದನ್ನು ಅವರು ಒಬ್ಬರಿಗೆ ಹೇಳಿ ಸುಮ್ಮನಾಗಲಿಲ್ಲ. ಸ್ಟೇಶನ್ನಿನಲ್ಲಿ ಗಾಡಿ ಇಳಿದವರಿಗೆ, ಕ್ಷೌರಕ್ಕೆ ಕುಳಿತವರಿಗೆ, ಹೆಣ್ಣು ನೋಡಲು ಬಂದವರಿಗೆ, ಎಲ್ಲರಿಗೂ ಹೇಳಿದರು. ಬಡಾಯಿ ಅವರಿಗೆ ಉಸಿರಿನಷ್ಟೇ ಸಲೀಸು. ಆದರೆ ಆ ಬಡಾಯಿಗೆ ಬೆಲೆ ಇತ್ತು. ಆಗ ಬೆಳಗಾವಿಯಲ್ಲಿ ಝಗಮಗ ದೀಪಗಳ ಹೊಸ ಬ್ಯಾಂಡುಗಳು ಬಂದಿದ್ದವು; ಖಾನಾಪುರದ ಲಗ್ನಗಳೂ ಅತ್ತ ಹೊರಟಿದ್ದವು. ಮಾಸ್ತರರ ಬಳಿ ದೀಪವಿಲ್ಲ, ಗಿಡವಿತ್ತು. ಹಳ್ಳಿಯಿಂದ ಬಂದವರು "ಪೀಪಾಣಿ ಗಿಡದ ಬ್ಯಾಂಡ್ ಎಲ್ಲೈತ್ರಿ?" ಎಂದು ಕೇಳುತ್ತ ಬಾಗಿಲಿಗೆ ಬರುತ್ತಿದ್ದರು. ಬೋರ್ಡು ಬಣ್ಣ ಹೋಗಿ ಎಷ್ಟೋ ವರ್ಷವಾಗಿತ್ತು. ಬೋರ್ಡೆಂದರೆ ಈಗ ಆ ಗಿಡವೇ.

ಆ ಜಾಗದ ಮೇಲೆ ಕಣ್ಣಿಟ್ಟವರು ಖೋಲಿಯ ಮಾಲಕ ಗುರುಪುತ್ರಪ್ಪನವರು. ಅವರ ಮೈದುನನಿಗೆ ಪಾನಪಟ್ಟಿ ಅಂಗಡಿ ಹಾಕಿಕೊಡಬೇಕಿತ್ತು. ಬಾಗಿಲ ಬಾಜುವಿನ ಆ ಜಾಗ, ಗಿಡ ನಿಂತ ಜಾಗ, ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಪಾನಪಟ್ಟಿ ಬಂದರೆ ಗಿಡ ಹೋಗುತ್ತದೆ, ಬ್ಯಾಂಡಿನ ಬಾಗಿಲು ಅದರ ಹಿಂದೆ ಮುಚ್ಚಿಹೋಗುತ್ತದೆ. ಎಂಬತ್ತರ ದೀಪಾವಳಿ ಕಳೆದ ಮೇಲೆ ಅವರು ಬಂದು ನಿಂತರು. ನಾನೂ ಅಲ್ಲೇ ಇದ್ದೆ.

"ಮಾಸ್ತರ, ಇದು ವಿಷದ ಗಿಡಾ. ಥಂಡಿ ಬಂತಂದ್ರ ಒಣಾ ಕಟಗಿ. ಯಾತಕ್ಕ ಬೇಕು?"

"ನಿಮ್ಮ ಶಿವನ ಗಿಡಾ ಐತ್ರಿ ಯಜಮಾನ್ರ. ಕಡಿಯಾಕ ನಿಮ್ಮ ಕೈ ಏಳ್ತೈತೇನು?"

ಗುರುಪುತ್ರಪ್ಪನವರು ನಿತ್ಯ ಪೂಜೆಯಿಲ್ಲದೆ ನೀರು ಮುಟ್ಟದವರು. ಬಗ್ಗಿ ಹೂವಿನ ಬಾಯಿ ನೋಡಿದರು. "ಶಿವಗ ಏರಸೂದು ಮುಗಿಲ ನೋಡೂ ಹೂ. ಇದು ನೆಲಾ ನೋಡ್ತೈತಿ."

"ಶಿವ ಗುಡಿಯಾಗ ನೆಲದ ಮ್ಯಾಲ ಕುಂತಾನಲ್ಲರಿ! ಮುಗಿಲ ನೋಡೂ ಹೂವಿಗೆ ಅಂವ ಹೆಂಗ ಕಾಣ್ತಾನ?"

ನಾನು ನಕ್ಕುಬಿಟ್ಟೆ. ಗುರುಪುತ್ರಪ್ಪನವರು ನಗಲಿಲ್ಲ. "ಆತು. ಯುಗಾದಿಗೆ ಅಂಗಡಿ ಚಾಲೂ ಮಾಡೂದೈತಿ. ಶಿವರಾತ್ರಿಗೆ ನಿನ್ನ ಗಿಡಾ ಮೈತುಂಬ ಹೂ ಬಿಟ್ಟು ಘಮ್ ಅಂದ್ರ ಇರಲಿ. ಇಲ್ಲಾಂದ್ರ ಕೊಡ್ಲಿ."

ಮಾಸ್ತರರು ಒಪ್ಪಿದರು. ಗುರುಪುತ್ರಪ್ಪನವರು ಹೋದ ಮೇಲೆ ಬೀರಣ್ಣ ತಲೆಗೆ ಕೈಹಚ್ಚಿ ಕುಳಿತ. "ಮಳಿಗಾಲಕ್ಕಿಂತ ಮೊದಲ ಅದು ಎಂದರ ಹೂ ಬಿಟ್ಟೈತೇನ್ರಿ?"

"ಬಿಟ್ಟಿಲ್ಲ," ಎಂದರು ಮಾಸ್ತರರು. "ಯಾರೂ ಅದರ ಜೋಡಿ ಕರಾರು ಮಾಡಿರಲಿಲ್ಲ."

ಮೊಣಕಾಲಿಗೆ ಕೊಯ್ದ ಗಿಡವನ್ನು ಹಿತ್ತಿಲಿಗೆ ಕಳಿಸಿ, ಕವಲಿದ್ದದ್ದನ್ನೇ ನೆಚ್ಚಿದರು. ಧನುರ್ಮಾಸದಲ್ಲಿ ಅದು ಖೋಲಿಯೊಳಗೆ, ಢೋಲು ಬಾಜಾಗಳ ನಡುವೆ ಮಲಗಿತು. ಎಲೆಗಳೆಲ್ಲ ಉದುರಿದವು. ಮಾಲು ತುಂಬಲು ಹೋದಾಗ ನೋಡಿ, "ಸತ್ತೈತಿ ಮಾಸ್ತರ. ಮಡಿಕಿ ತೊಳದಿಡ್ರಿ," ಎಂದೆ.

ಅವರು ಉಗುರಿನಿಂದ ತೊಗಟೆಯನ್ನು ಎಳ್ಳಷ್ಟು ಕೆರೆದು ತೋರಿಸಿದರು. ಒಳಗೆ ಹಸಿರು. "ನಿದ್ದಿ ಹತ್ತೇತಿ. ನಾವೂ ಊದೂದಿಲ್ಲ, ಅದೂ ಊದೂದಿಲ್ಲ. ಸಂಕ್ರಾಂತಿತನಕ ಇಬ್ಬರಿಗೂ ಸೂಟಿ."

"ನೀರು?"

"ನಾಲಿಗಿ ಒಣಗದಷ್ಟು. ಮಲಗಿದಾವಗ ಕೊಡಾ ಸುರುವಿದ್ರ ಬೇರು ಕೊಳೀತೈತಿ."

ಇಷ್ಟು ತಿಳಿದ ಮನುಷ್ಯ ಬಡಾಯಿ ಬಿಡಲಿಲ್ಲ. ಸಂಕ್ರಾಂತಿಯ ದಿನ, ತುದಿಯಲ್ಲಿ ಹಸಿರು ಚಿಗುರು ಕಂಡದ್ದೇ ತಡ, ಬ್ಯಾಂಡ್ ಬಾರಿಸುತ್ತ ಗಿಡವನ್ನು ಹೊರಗೆ ತಂದಿಟ್ಟು ಊರಿಗೆಲ್ಲ ತೋರಿಸಿದರು. ಅದೇ ವಾರ ಕೊರೆಯುವ ಗಾಳಿ ಬೀಸಿತು. ಬೆಳಗಾಗುವುದರೊಳಗೆ ಚಿಗುರೆಲ್ಲ ಸುಟ್ಟ ಬತ್ತಿಯಂತೆ ಕಪ್ಪಾಯಿತು. ಗುರುಪುತ್ರಪ್ಪನವರ ಮೈದುನ ಆ ಕಡೆ ಹೋಗುವಾಗ ಸುಮ್ಮನೆ ಸಿಳ್ಳು ಹಾಕಿದ.

ಬೀರಣ್ಣ ಕುಡಗೋಲು ಹಿಡಿದು ಬಂದ. "ಕೆಟ್ಟೈತ್ರಿ. ಬುಡಕ್ಕ ಹೊಡೀಲೇನು? ಹೊಸಾದು ಬರಲಿ."

"ಕವಲು ಮುಟ್ಟಿದ್ರ ನಿನ್ನ ಬಾಜಾ ಮುರೀತೀನಿ!" ಎಂದು ಮಾಸ್ತರರು ಕುಡಗೋಲು ಕಸಿದುಕೊಂಡರು. ಕಪ್ಪಾದ ತುದಿಗಳನ್ನಷ್ಟೇ ಒಂದೊಂದಾಗಿ ಚಿವುಟಿದರು. ಕವಲುಗಳೆಲ್ಲ ಉಳಿದವು. ಆಮೇಲೆ ಭಾಜಿ ಮಾರುವವರ ಹಳೆಯ ಕೈಗಾಡಿಯೊಂದನ್ನು ತಂದು ಮಡಿಕೆಯನ್ನು ಅದರ ಮೇಲೇರಿಸಿದರು. ಬೆಳಗಿನ ಬಿಸಿಲಿಗೆ ಗಾಡಿ ಹೊರಗೆ, ಸಂಜೆಯ ಥಂಡಿಗೆ ಒಳಗೆ. ತಳ್ಳುವ ಕೆಲಸ ಬೀರಣ್ಣನದು.

"ಇಷ್ಟು ಜ್ವಾಪಾನ ವರನ್ನೂ ಮಾಡೂದಿಲ್ಲರಿ," ಎಂದು ಅವನು ಗೊಣಗುತ್ತಿದ್ದ.

"ವರ ಒಂದ ದಿನದಾಂವ. ಇದು ನಮ್ಮ ಅನ್ನ. ತಳ್ಳು."

ಥಂಡಿ ಸರಿದ ಮೇಲೆ ಊಟ ಶುರುವಾಯಿತು. ಶೇಂಗಾ ಹಿಂಡಿಯನ್ನು ಕೊಳೆಹಾಕಿದ ನೀರು, ಸಗಣಿಯ ಗೊಬ್ಬರ, ಮೇಲೆ ಕೊಡಗಟ್ಟಲೆ ನೀರು. ಎಚ್ಚರವಾದ ಗಿಡಕ್ಕೆ ಹೊಟ್ಟೆಗೆ ಮಿತಿ ಇರಲಿಲ್ಲ. ಸ್ಟೇಶನ್ ರೋಡಿನವರಿಗೆ ಮೂಗು ಮುಚ್ಚಲು ಒಂದು ಕೈ ಸಾಲಲಿಲ್ಲ. ಅಷ್ಟರಲ್ಲಿ ಒಂದೊಂದು ಕವಲಿನಲ್ಲೂ ಬೆಂಡೆಕಾಯಿಯಂಥ ಮೊಗ್ಗು ಜೋತುಬಿದ್ದವು. ನಮ್ಮ ಪುಣ್ಯಕ್ಕೆ ಆ ವರ್ಷ ಶಿವರಾತ್ರಿ ತಡವಾಗಿ, ಮಾರ್ಚಿನಲ್ಲಿ ಬಂತು. ನಾನು ಅಂಗಡಿ ಮುಚ್ಚಿಕೊಂಡು ಹೋದೆ. ಮಾಲು ತುಂಬಲು ಅಂತ ಮನೆಯಲ್ಲಿ ಹೇಳಿದ್ದೆ.

ಹೋಗಿ ನೋಡಿದರೆ ಎಲೆ ಕಾಣುತ್ತಿರಲಿಲ್ಲ. ಕವಲಿನಿಂದ ತುದಿಯವರೆಗೆ ಹೂ. ಬೀರಣ್ಣ ಎಣಿಸಲು ಹೋಗಿ ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಗುರುಪುತ್ರಪ್ಪನವರು ಬೆಳಿಗ್ಗೆಯೇ ಮೈದುನನೊಡನೆ ಬಂದರು. ಮೈದುನನ ಕೈಯಲ್ಲಿ ಅಳತೆಯ ಟೇಪು. ಹಗಲಿನ ಬಿಸಿಲಿಗೆ ಹೂಗಳು ತುಸು ಜೋಲುಮೋರೆ ಹಾಕಿದ್ದವು. ಗುರುಪುತ್ರಪ್ಪನವರು ಮೂಗು ಹತ್ತಿರ ಒಯ್ದರು, ಇನ್ನೊಂದಕ್ಕೆ ಒಯ್ದರು.

"ಹೂ ಅದಾವ, ಖರೇ. ಆದರ ವಾಸನಿ ಎಲ್ಲೈತಿ? ಘಮ್ ಅನ್ನಬೇಕು ಅಂದಿದ್ದೆ."

ಮೈದುನ ಟೇಪು ಬಿಚ್ಚಿದ. ಬೀರಣ್ಣ ಗಾಡಿಗೆ ಅಡ್ಡ ನಿಂತ. ಮಾಸ್ತರರು ಮಾತ್ರ ಟೋಪಿ ಸರಿಮಾಡಿಕೊಂಡರು.

"ಯಜಮಾನ್ರ, ನೀವು ಏನಂದಿದ್ರಿ? ಶಿವರಾತ್ರಿ ಅಂದಿದ್ರಿ. ಶಿವಹಗಲು ಅಂದಿರಲಿಲ್ಲ."

ಸುತ್ತ ನಿಂತವರು ಹೋ ಎಂದರು. ಗುರುಪುತ್ರಪ್ಪನವರು ಮಾತಿನ ಮನುಷ್ಯ. ಸಂಜೆಗೆ ಬರುತ್ತೇನೆಂದು ಹೋದರು.

ದೀಪ ಹಚ್ಚುವ ಹೊತ್ತಾಯಿತು. ಹೂಗಳು ಸೆಟೆದು ಬಾಯಿ ಬಿಚ್ಚಿದವು. ಹಾಲಿನ ಬಣ್ಣಕ್ಕೆ ಕೇಸರಿ ಕಲಸಿದಂತಾಯಿತು. ಮೊದಲು ವಾಸನೆ ಖೋಲಿಯ ಮುಂದಷ್ಟೇ ಇತ್ತು. ಆಮೇಲೆ ರಸ್ತೆ ದಾಟಿತು. ಆಮೇಲೆ ಸ್ಟೇಶನ್ನಿನಿಂದ ಇಳಿದು ಬಂದವರು, ಗಂಟು ಹೊತ್ತುಕೊಂಡೇ ನಿಂತು, ಎಲ್ಲಿಂದ ಎಂದು ಹುಡುಕತೊಡಗಿದರು. ಗುಡಿಗೆ ಹೊರಟವರೆಲ್ಲ ನಮ್ಮ ಬಾಗಿಲಲ್ಲೇ ಒಟ್ಟಾದರು. ಅವರಲ್ಲಿ ಪೂಜೆಯ ತಟ್ಟೆ ಹಿಡಿದ ಪದ್ಮವ್ವನೂ ಇದ್ದರು, ಗುರುಪುತ್ರಪ್ಪನವರ ಮಡದಿ.

"ಮಾಸ್ತರ, ಶಿವಗ ಏರಸಾಕ ಒಂದೆರಡು ಹೂ ಕೊಡ್ತೀರೇನ್ರಿ?"

"ಬೇಕಾದಷ್ಟು ಒಯ್ರಿ ಅಕ್ಕಾರ. ಆದರ ತೀರ್ಥದಾಗ ಬೀಳಬಾರದು, ಕೈ ತೊಳಕೋರಿ. ಶಿವ ವಿಷಾ ತಡಕೋತಾನ, ನಾವು ತಡಕೊಳ್ಳೂದಿಲ್ಲ."

ಅಷ್ಟರಲ್ಲಿ ಗುರುಪುತ್ರಪ್ಪನವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಅವರು ಬಾಯಿ ತೆರೆಯುವ ಮೊದಲೇ ಪದ್ಮವ್ವ ತಿರುಗಿದರು. "ಇಂಥಾ ಗಿಡಾ ಕಡದು ಇಲ್ಲಿ ಎಲಿ ಅಡಿಕಿ ಉಗಳಸ್ತೀರೇನು ನೀವು? ನನ್ನ ತಮ್ಮಗ ಬ್ಯಾರೆ ಜಾಗಾ ಇಲ್ಲೇನು?"

ಗುರುಪುತ್ರಪ್ಪನವರು ಗಿಡ ನೋಡಿದರು, ಹೆಂಡತಿಯನ್ನು ನೋಡಿದರು, ಜನರನ್ನು ನೋಡಿದರು. ಆಳವಾಗಿ ಒಮ್ಮೆ ಉಸಿರೆಳೆದುಕೊಂಡರು, ಬೇಡವೆಂದರೂ ಎಳೆದುಕೊಳ್ಳಲೇಬೇಕಿತ್ತು. "ಇರಲಿ ಮಾಸ್ತರ. ಗಿಡಾ ಇಲ್ಲೇ ಇರಲಿ," ಎಂದರು.

ಮಾಸ್ತರರು ಕ್ಲಾರಿನೆಟ್ ತೆಗೆದುಕೊಂಡರು. ಬೀರಣ್ಣ ಬಾಜಾ ಎತ್ತಿದ. ಈ ಸಲ ಅದರ ಬಾಯಲ್ಲಿ ಕಡ್ಡಿ ಇರಲಿಲ್ಲ. ಗಲ್ಲ ಹರಿಯುವಂತೆ ಊದಿದ. ಆ ಬೇಸಿಗೆಯ ಲಗ್ನಗಳಿಗೆ ಮಾತಾಡಲು ಜನ ಬಾಗಿಲಲ್ಲಿ ಪಾಳಿ ಹಚ್ಚಿದರು. ಕಡ್ಡಿ ಬೇಡಿದವರಿಗೆಲ್ಲ ಮಾಸ್ತರರು ಕವಲಿನ ಮೇಲಿನದನ್ನೇ ಕೊಟ್ಟರು, ಜೊತೆಗೆ ನನ್ನ ಅಂಗಡಿಯ ಹೆಸರನ್ನೂ ಕೊಟ್ಟರು. ನಾನು ಲಾರಿ ನಿಲ್ಲಿಸಿದಲ್ಲೆಲ್ಲ ಅವರ ಕೂಗು: "ಸಾವಕಾರ್ರ, ಖಾನಾಪುರದಾಗ ಯಾರ ಅಂಗಳದಾಗ ನೋಡಿದ್ರೂ ನಿಮ್ಮ ಕುಂಡಿನ!"

ಪಾನಪಟ್ಟಿ ಯುಗಾದಿಗೆ ರಸ್ತೆಯ ಆಚೆ ಚಾಲೂ ಆಯಿತು. ಮೈದುನ ಹೊಸ ಬೋರ್ಡು ಬರೆಸಿದ. ಗುರುಪುತ್ರಪ್ಪನವರು ನಿಂತು ಅದನ್ನು ಅಕ್ಷರ ಕೂಡಿಸಿಕೊಂಡು ಓದುವುದನ್ನು ನಾನು ಕಣ್ಣಾರೆ ನೋಡಿದೆ. ಅಂಗಡಿಯ ಹೆಸರಿನ ಕೆಳಗೆ, ಕೆಂಪು ಬಣ್ಣದಲ್ಲಿ, ವಿಳಾಸವಿತ್ತು: ಪೀಪಾಣಿ ಗಿಡದ ಎದುರಿಗೆ.