ಹವ್ಯಾಸದ ಫೋಟೋ

ಕಳೆದ ವಾರ ನನ್ನ ಬಗ್ಗೆ ನೂರು ಪದ ಬರೆಯಬೇಕಾಗಿ ಬಂತು. ಎರಡು ದಿನ ಹಿಡಿಯಿತು. ಪ್ರತಿ ವಾರ ಈ ಅಂಕಣ ಬರೆದು ನಮ್ಮ ತಲೆ ತಿನ್ನುವವನಿಗೆ ನೂರು ಪದ ಯಾವ ಲೆಕ್ಕ ಅಂತೀರಾ? ಕೇಳಿ.

ನಾನು ವೆಬ್ ಡೆವಲಪರ್ ಅನ್ನೋದು ನಿಮಗೆ ಗೊತ್ತೇ ಇದೆ. ಹೊನ್ನಾಳಿಯ ಬಾಡಿಗೆ ರೂಮಿನಲ್ಲಿ ಕೂತು ಯಾವುದೋ ದೂರದ ಕಂಪನಿಗೆ ಕೆಲಸ ಮಾಡುತ್ತೇನೆ. ಆ ಕಂಪನಿಯ ಸೈಟಿನಲ್ಲಿ ‘ನಮ್ಮ ತಂಡ’ ಎಂಬ ಪುಟ ಮಾಡಬೇಕಿತ್ತು. ಪ್ರತಿಯೊಬ್ಬರ ಹಿನ್ನೆಲೆ, ಕೆಲಸದ ಹಾದಿ, ಹವ್ಯಾಸ. ಜೊತೆಗೆ ಹವ್ಯಾಸದಲ್ಲಿ ತೊಡಗಿರುವ ಒಂದು ಫೋಟೋ ಕಡ್ಡಾಯ. (ಫೋಟೋ ಇಲ್ಲದಿದ್ದರೆ ಫಾರಂ ಮುಂದಕ್ಕೇ ಹೋಗದ ಹಾಗೆ ಕೋಡ್ ಬರೆದ ಮಹಾನುಭಾವನೂ ನಾನೇ!)

ಹಿನ್ನೆಲೆ ಸಲೀಸು. ಜಗಳೂರು ಕಡೆಯ ಹಳ್ಳಿ, ಡಿಪ್ಲೊಮಾ. ಹಾದಿಯೂ ಸಲೀಸು. ಚನ್ನಗಿರಿಯ ಸೈಬರ್ ಸೆಂಟರಿನಲ್ಲಿ ಜನರಿಗೆ ಪಹಣಿ ಪ್ರಿಂಟ್ ತೆಗೆದುಕೊಡುತ್ತಾ ಕೋಡಿಂಗ್ ಕಲಿತೆ. ಹೊನ್ನಾಳಿಗೆ ಕಂಪ್ಯೂಟರ್ ಕಲಿಸಲು ಬಂದೆ. ಆ ಸೆಂಟರ್ ಮುಚ್ಚಿತು, ನಾನು ಉಳಿದೆ. ಯಾಕೆ ಉಳಿದೆ? ಇಂಟರ್‌ನೆಟ್ ಚೆನ್ನಾಗಿತ್ತು.

ಹವ್ಯಾಸ? ತಲೆ ಕೆರೆದುಕೊಂಡು ‘ವಾಲಿಬಾಲ್’ ಅಂತ ಬರೆದೆ. ಡಿಪ್ಲೊಮಾ ಓದುವಾಗ ಆಡಿದ್ದು. ಆಮೇಲೆ ಚೆಂಡು ಮುಟ್ಟಿಲ್ಲ. ಫೋಟೋ ಎಲ್ಲಿಂದ ತರೋದು?

ರೂಮಿನ ಎದುರಿನ ಮೈದಾನದಲ್ಲಿ ದಿನಾ ಸಂಜೆ ವಾಲಿಬಾಲ್ ಆಡುತ್ತಾರೆ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದು ಒಂದೇ, ಕೂಗಾಟ ಜೋರಾದರೆ ಕಿಟಕಿ ಹಾಕಿಕೊಂಡಿದ್ದು. ಕಳೆದ ವಾರ ಮೊದಲ ಸಲ ಅಲ್ಲಿಗೆ ಕಾಲಿಟ್ಟೆ. ಎಲ್ಲ ನನ್ನ ವಾರಿಗೆಯವರೇ. ಒಬ್ಬರಂತೂ ಡ್ಯೂಟಿ ಮುಗಿಸಿದ ಖಾಕಿ ಪ್ಯಾಂಟಿನಲ್ಲೇ ಆಡುತ್ತಿದ್ದರು.

“ಸಾರ್, ಚೆಂಡು ಎರಡು ನಿಮಿಷ ಕೊಡ್ತೀರಾ? ಒಂದು ಫೋಟೋ ಬೇಕಿತ್ತು.”

“ಮ್ಯಾಲಿನ ರೂಮಿನೋರಲ್ವಾ ನೀವು? ಬರ್ರಿ, ಬರ್ರಿ!” ಅಂದರು ಖಾಕಿ ಪ್ಯಾಂಟಿನವರು. ಇವರು ನನ್ನನ್ನು ಗುರುತಿಟ್ಟುಕೊಂಡಿದ್ದಾರೆ!

ನನ್ನ ಮೊಬೈಲ್ ಇಸಿದುಕೊಂಡು ಅವರೇ ಫೋಟೋ ಹೊಡೆದರು. “ಹಿಂಗೆ ಹಾರಿದ್ರೆ ಹೆಂಗ್ರೀ? ಇನ್ನಾ ಮ್ಯಾಲೆ!” ಮೂರು ಸಲ ಹಾರಿದೆ. ಮೂರನೇ ಸಲ ದೊಪ್ಪನೆ ಬಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಾಗೆ ಸದ್ದು ಮಾಡಿ ನಕ್ಕು ಎಷ್ಟು ದಿನವಾಗಿತ್ತೋ!

“ಬಂದೋರು ಒಂದು ಗೇಮ್ ಆಡಿ ಹೋಗ್ರಿ. ಈ ಕಡೆ ಒಬ್ರು ಕಮ್ಮಿ ಅದಾರೆ.”

“ಇಲ್ರೀ, ಮೀಟಿಂಗ್ ಐತೆ.”

ಯಾವ ಮೀಟಿಂಗೂ ಇರಲಿಲ್ಲ. ರೂಮಿಗೆ ಬಂದೆ. ನನ್ನ ಮೇಲೆ ನನಗೇ ಸಿಟ್ಟು. ಒಬ್ಬನೇ ಇದ್ದೂ ಇದ್ದೂ ಯಾರಾದರೂ ಕರೆದರೆ ಬಾಯಿಗೆ ಮೊದಲು ಬರೋದೇ ‘ಇಲ್ಲ’. ಬೇಕು ಅಂತ ಮನಸ್ಸು ಹೇಳುವಷ್ಟರಲ್ಲಿ ಕಾಲು ಮನೆ ಸೇರಿರುತ್ತದೆ. ನಿಮಗೂ ಹೀಗಾಗುತ್ತಾ?

ಫೋಟೋ ಹಾಕಿದೆ. ನಾನು ಎಂದೂ ಮುಖ ನೋಡದ ಸಹೋದ್ಯೋಗಿಗಳು ಹಾರ್ಟ್‌ಗಳ ಸುರಿಮಳೆ ಸುರಿಸಿದರು. ಒಬ್ಬಾಕೆ ಮೆಸೇಜ್ ಮಾಡಿದರು: “ನೀವು ಲಕ್ಕಿ! ಹಿಂದೆ ನಿಂತು ನಗ್ತಿರೋ ಫ್ರೆಂಡ್ಸ್ ಹೆಸರೇನು? ಫೋಟೋ ಕೆಳಗೆ ಹಾಕೋಣ.”

ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಉತ್ತರ ಕೊಡದೆ ನಾಲ್ಕು ದಿನವಾಯಿತು.

ಹೆಸರು ಕೇಳುವ ನೆಪದಲ್ಲಿ ಇವತ್ತು ಹೋದರೆ, ಇನ್ನೊಂದು ಸಲ ‘ಆಡಾಕೆ ಬರ್ರಿ’ ಅಂದಾರಾ?