ಡಿಸ್ಕವರಿ ಗಾರ್ಡನ್ಸಿನಲ್ಲಿ ಮಲ್ಲಿಗೆ ಬೆಳೆಸಿದ್ದು

ಹೆಂಡತಿಗೆ ಮೂರು ತಿಂಗಳಾಗಿದ್ದಾಗ ಡಾಕ್ಟರು, ಹೆರಿಗೆಯವರೆಗೆ ವಿಮಾನ ಹತ್ತುವ ಹಾಗಿಲ್ಲ ಎಂದುಬಿಟ್ಟರು. ಅವಳು ಆಸ್ಪತ್ರೆಯಲ್ಲಿ ಅಳಲಿಲ್ಲ, ಕಾರಿನಲ್ಲೂ ಅಳಲಿಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಫ್ಲ್ಯಾಟಿಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅತ್ತಳು.

"ಸೀಮಂತ ಇಲ್ಲೇ ಮಾಡುದಾ? ಐಸಿನ ಪೆಟ್ಟಿಗೆಯಲ್ಲಿ ಬಂದ ಹೂ ಮುಡಿದುಕೊಂಡು?"

ಅವಳ ಸಂಕಟ ಅರ್ಥವಾಗಬೇಕಾದರೆ ಅವಳ ತವರು ಗೊತ್ತಿರಬೇಕು. ಉಡುಪಿಯ ಹತ್ತಿರ, ಅಂಗಳದ ತುಂಬ ಮಲ್ಲಿಗೆ ಗಿಡಗಳಿರುವ ಮನೆ. ಅಲ್ಲಿನ ಹೆಣ್ಣುಮಕ್ಕಳು ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿಟ್ಟು ಆಮೇಲೆ ಶಾಲೆಗೆ ಹೋದವರು. ಎಂಟುನೂರು ಹೂ ಸೇರಿದರೆ ಒಂದು ಚೆಂಡು ಎಂಬುದು ಅವಳಿಗೆ ಮಗ್ಗಿ ಬರುವ ಮೊದಲೇ ಬಾಯಿಗೆ ಬಂದಿತ್ತು. ಮನೆಯ ಹುಡುಗಿಯ ಜಡೆಗೆ ಅಂಗಡಿಯ ಹೂ ತಂದ ದಿನ ಅವರಲ್ಲಿ ಇಲ್ಲವೇ ಇಲ್ಲ.

"ನಿನ್ನ ಸೀಮಂತಕ್ಕೆ ಈ ಮನೆಯಲ್ಲೇ ಮಲ್ಲಿಗೆ ಬೆಳೆಸಿ ಕೊಡ್ತೇನೆ," ಅಂದುಬಿಟ್ಟೆ. ನಾನು ದೊಡ್ಡ ಕಟ್ಟಡಗಳ ಎ.ಸಿ. ಪ್ಲಾಂಟ್ ನೋಡಿಕೊಳ್ಳುವವನು, ಪಂಪು, ಪೈಪು, ನೀರು ಅಂದರೆ ನನಗೆ ಎಲ್ಲಿಲ್ಲದ ಧೈರ್ಯ. ಹೊರಗಿನ ಬಿಸಿಲಿಗೆ ಬಾಲ್ಕನಿಯ ತುಳಸಿ ಸುಟ್ಟುಹೋಗಿತ್ತು. ಹಾಗಾಗಿ ಕೋಣೆಯೊಳಗೆ, ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಬೆಳೆಸುವುದೆಂದು ತೀರ್ಮಾನಿಸಿದೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಈ ವಿದ್ಯೆ ಕಲಿಸುವವರೆಲ್ಲ ಗಾಂಜಾ ಬೆಳೆಸುವವರು! ಯಾವ್ಯಾವುದೋ ದೇಶದ ಗಡ್ಡಧಾರಿಗಳು, ಗಿಡವನ್ನು ಮಗುವಿನ ಹಾಗೆ ಸವರಿ ಮಾತಾಡಿಸುವವರು. ಬೆಳೆಯುವಾಗ ಬೆಳಕು ಹೆಚ್ಚು ಕೊಡಿ, ಹೂ ಬಿಡಿಸಬೇಕಾದರೆ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂದು ಹೇಳಿಕೊಟ್ಟರು. ಬೀಡಿಯನ್ನೂ ಮುಟ್ಟದ ನಾನು ಅದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡೆ.

"ಈ ದೇಶದಲ್ಲಿ ಅದರ ಹೆಸರೆತ್ತಿದ್ರೆ ಜೈಲು. ನೀವು ಕೂತು ವಿಡಿಯೋ ನೋಡುದಾ ಮಾರಾಯ್ರೆ!" ಎಂದು ಹೆಂಡತಿ ಬೈದಳು. ಅಂದಿನಿಂದ ಸೌಂಡ್ ಆಫ್ ಮಾಡಿ ನೋಡಿದೆ.

ನರ್ಸರಿಯಿಂದ ಗಿಡ ತಂದು, ಬೇರಿನ ಮಣ್ಣು ತೊಳೆದು, ಪ್ಲಾಸ್ಟಿಕ್ ಟ್ಯಾಂಕಿನ ಮುಚ್ಚಳದ ತೂತಿಗೆ ಇಳಿಸಿದೆ. ಒಳಗೆ ಪುಟ್ಟ ಪಂಪು, ಮೇಲೆ ನೇರಳೆ ಬಣ್ಣದ ಲೈಟು. ಎರಡು ತಿಂಗಳಲ್ಲಿ ಗಿಡ ನನ್ನ ಸೊಂಟದೆತ್ತರ ಬಂತು. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ಮೊಗ್ಗು ಮಾತ್ರ ಒಂದೂ ಇಲ್ಲ. ಗಡ್ಡಧಾರಿಗಳ ಕತ್ತಲೆ-ಬೆಳಕಿನ ಪಾಠಕ್ಕೆ ಮಲ್ಲಿಗೆ ಕ್ಯಾರೇ ಅನ್ನಲಿಲ್ಲ.

ಫೋನಿನಲ್ಲಿ ಅತ್ತೆ, "ಹಿಂಡಿ ಹಾಕ್ಲಿಲ್ವಾ?" ಎಂದು ಕೇಳಿದರು. ಕೊಳೆಸಿದ ನೆಲಗಡಲೆ ಹಿಂಡಿಯ ನೀರೆಂದರೆ ಅವರ ಕಡೆಯ ಮಲ್ಲಿಗೆಗೆ ಅಮೃತ. ಊರಿಂದ ಬರುತ್ತಿದ್ದ ಗೆಳೆಯನೊಬ್ಬನ ಪೆಟ್ಟಿಗೆಯಲ್ಲಿ ಒಂದು ಕಿಲೋ ಹಿಂಡಿ ತರಿಸಿ, ನೆನೆಸಿ, ಟ್ಯಾಂಕಿಗೆ ಸುರಿದೆ. ಮಣ್ಣಾದರೆ ಅದನ್ನು ಅರಗಿಸಿಕೊಳ್ಳುತ್ತದೆ, ಬರೀ ನೀರು ಏನು ಮಾಡೀತು ಎಂಬುದು ಎಂಜಿನಿಯರನಾದ ನನಗೆ ಹೊಳೆಯಲಿಲ್ಲ. ಮೂರನೇ ದಿನ ಪಂಪು ಕಟ್ಟಿಕೊಂಡು ನಿಂತಿತು. ಬಾಗಿಲ ಸಂದಿಯಿಂದ ಹೊರಟ ನಾತ ಲಿಫ್ಟಿನವರೆಗೂ ಹೋಯಿತು.

ಸಂಜೆ ಬೆಲ್ ಆಯಿತು. ಬಿಲ್ಡಿಂಗಿನ ಸೆಕ್ಯೂರಿಟಿಯವನು ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ನಿಮ್ಮ ಕಿಟಕಿಯಲ್ಲಿ ತಿಂಗಳುಗಳಿಂದ ನೇರಳೆ ಬೆಳಕು, ಈಗ ಈ ವಾಸನೆ, ಒಳಗೆ ಏನು ಬೆಳೆಸುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ.

"ಫೂಲ್, ಭಾಯ್. ಮೋಗ್ರಾ," ಅಂದೆ.

ಅವನು ಒಳಗೆ ಬಂದು ಗಿಡ ನೋಡಿದ. "ಫೂಲ್ ಕಿಧರ್ ಹೈ?"

ಹೂ ಎಲ್ಲಿ ಎಂದು ನಾನೂ ಆ ಗಿಡವನ್ನು ದಿನಾ ಕೇಳುತ್ತಿದ್ದೆ. ಹೆಂಡತಿ ಒಂದು ಎಲೆ ಕಿತ್ತು ಅವನ ಕೈಗಿಟ್ಟಳು. ಅವನ ಊರಿನಲ್ಲೂ ಮಲ್ಲಿಗೆ ಇತ್ತಂತೆ. ಎಲೆ ತಿರುಗಿಸಿ ನೋಡಿ ನಕ್ಕ. ಮೊದಲು ಈ ನಾತ ಖಲಾಸ್ ಮಾಡಿ ಎಂದು ಹೇಳಿ ಹೋದ. ಆ ಸಂಜೆಯೆಲ್ಲ ನಾನು ಟ್ಯಾಂಕು ತಿಕ್ಕಿದೆ.

ಆ ಶುಕ್ರವಾರ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದರು. ಗಿಡವನ್ನು ಸುತ್ತಲೂ ನೋಡಿ, "ಇದು ಸೊಪ್ಪಿಗೆ ಬೆಳೆಸಿದ್ದಾ?" ಅಂದರು. ಭಾನುವಾರ ನಾನು ಅಬುಧಾಬಿಯ ಸೈಟಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಟ್ಯಾಂಕಿನ ಮೇಲೆ ನಾಲ್ಕು ಬೋಳು ಕಡ್ಡಿಗಳಿದ್ದವು. ನನ್ನ ಎಲೆಗಳೆಲ್ಲ ಕಸದ ಚೀಲದಲ್ಲಿ! ಮೈಯೆಲ್ಲ ಉರಿದುಹೋಯಿತು. ಅತ್ತೆಯ ಮೇಲೆ ಕೂಗುವ ಹಾಗಿಲ್ಲ, ಹೆಂಡತಿಯ ಮೇಲೆ ಕೂಗಿದೆ.

"ನಿಮಗೆ ಹೂ ಬೇಕಾ, ಎಲೆ ಬೇಕಾ? ನಮ್ಮಲ್ಲಿ ಎಲೆ ತೆಗೆಯದೆ ಹೂ ಬಿಡುದುಂಟಾ?" ಎಂದು ಅವಳೂ ಕೂಗಿದಳು.

ಎರಡು ದಿನ ಮುನಿಸಿಕೊಂಡು ಆ ಕೋಣೆಗೆ ಕಾಲಿಡಲಿಲ್ಲ. ಮೂರನೇ ದಿನ ಅತ್ತೆಯೇ ಕರೆದು, "ನೀರಿಗೆ ಹಾಕುವ ಗೊಬ್ಬರ ಅರ್ಧ ಮಾಡಿ, ಲೈಟು ಜಾಸ್ತಿ ಉರಿಸಿ ನೋಡುವ," ಅಂದರು. ಹಾಗೇ ಮಾಡಿದೆ. ಕಡ್ಡಿಗಳಲ್ಲಿ ಚಿಗುರು ಒಡೆಯಿತು. ಏಳನೇ ತಿಂಗಳಲ್ಲಿ, ಸೀಮಂತಕ್ಕೆ ಇನ್ನು ವಾರವಿದೆ ಎನ್ನುವಾಗ, ಒಂದು ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಂಡಿತು. ನಾನು ಹೆಂಡತಿಯನ್ನು ಕೂಗಿ ಕರೆದ ರೀತಿಗೆ ಅತ್ತೆ ಏನೋ ಆಯಿತೆಂದು ಅಡುಗೆಮನೆಯಿಂದ ಓಡಿ ಬಂದರು.

ಆದರೆ ಮೊಗ್ಗು ಬೆರಳಲ್ಲಿ ಎಣಿಸುವಷ್ಟೇ. ಸೀಮಂತದ ಹಿಂದಿನ ದಿನ ನನ್ನ ಧೈರ್ಯ ಕೈಕೊಟ್ಟಿತು. ಬರ್ ದುಬೈಯ ದೇವಸ್ಥಾನದ ಬಳಿಯ ಹೂವಿನಂಗಡಿಗೆ ಗುಟ್ಟಾಗಿ ಹೋಗಿ ಒಂದು ಚೆಂಡು ಮಲ್ಲಿಗೆ ತಂದು, ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯ ಹಿಂದೆ ಬಚ್ಚಿಟ್ಟೆ. ಹೆಂಡತಿಯ ಫ್ರಿಜ್ಜಿನಲ್ಲಿ ಹೂ ಬಚ್ಚಿಡುವವನ ಬುದ್ಧಿಗೆ ಏನನ್ನಬೇಕೋ!

ಸೀಮಂತದ ಬೆಳಗ್ಗೆ ಗಿಡದಲ್ಲಿ ಸಿಕ್ಕಿದ್ದು ಹನ್ನೊಂದು ಮೊಗ್ಗು. ಅತ್ತೆ ಕೊಯ್ದು ಕಟ್ಟಿದರು. ನಾಲ್ಕು ಬೆರಳಗಲವೂ ಆಗಲಿಲ್ಲ. ನಾನು ತಲೆ ತಗ್ಗಿಸಿ ಫ್ರಿಜ್ಜು ತೆರೆದರೆ ಚೆಂಡು ಅಲ್ಲಿರಲಿಲ್ಲ. ಹೆಂಡತಿ ಅದನ್ನು ಆಗಲೇ ತುಂಡು ತುಂಡು ಮಾಡಿ, ಬರುವ ಹೆಂಗಸರಿಗೆ ಕೊಡಲು ಕುಂಕುಮದ ಜೊತೆ ಹರಿವಾಣದಲ್ಲಿ ಇಟ್ಟಿದ್ದಳು. ಅತ್ತೆ ಎಷ್ಟು ಗದರಿದರೂ ಅದರ ಒಂದು ತುಂಡನ್ನೂ ತನ್ನ ಜಡೆಗೆ ಸೇರಿಸಲು ಬಿಡಲಿಲ್ಲ. ಹನ್ನೊಂದೇ ಹೂ ಮುಡಿದು ಮಣೆಯ ಮೇಲೆ ಕೂತಳು.

ಆರತಿ ಮುಗಿದ ಮೇಲೆ ನನ್ನ ಕಡೆ ಬಾಗಿ, "ಘಮ ಬರ್ತಾ ಉಂಟಾ?" ಎಂದು ಕೇಳಿದಳು.

ನಮ್ಮ ಪುಟ್ಟ ಹಾಲಿನಲ್ಲಿ ಇಪ್ಪತ್ತು ಹೆಂಗಸರು, ಇಪ್ಪತ್ತು ಜಡೆಯಲ್ಲೂ ಮಲ್ಲಿಗೆ. ಯಾವ ಘಮ ಯಾರದೆಂದು ದೇವರಿಗೇ ಗೊತ್ತು. ಸಾಲದ್ದಕ್ಕೆ ಅಳು ಬಂದು ನನ್ನ ಮೂಗು ಬೇರೆ ಕಟ್ಟಿತ್ತು.

"ನಿನ್ನದೇ ಬರ್ತಾ ಉಂಟು," ಅಂದೆ.